ಪದವಿ ಕೈಯಲ್ಲಿದೆ, ಕೆಲಸ ಎಲ್ಲಿ? ಸಂಶೋಧನೆಗೆ ದುಡ್ಡು ಹಾಕಿ!



ನಮ್ಮ ದೇಶದಲ್ಲಿ ಹೆಚ್ಚು ಓದಿದವರಿಗೇ ಕೆಲಸದ ಬರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿ ನೋಡಿ: 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4, ಪದವೀಧರರಲ್ಲಿ ಶೇ 29.1. ಓದದವರು ವಿಧಿಯಿಲ್ಲದೆ ಸಿಕ್ಕ ಕೂಲಿಗೆ ಹೋಗುತ್ತಾರೆ. ಓದಿದವರಿಗೆ ತಕ್ಕ ಕೆಲಸವೇ ಹುಟ್ಟಿಲ್ಲ.

ಯಾಕೆ ಹುಟ್ಟಿಲ್ಲ? ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡೊಂದಕ್ಕೆ ಹೋಗಿ ನೋಡಿ. ಸಿಎನ್‌ಸಿ ಯಂತ್ರದ ಕಂಟ್ರೋಲರ್ ಹೊರದೇಶದ್ದು. ಡ್ರಾಯಿಂಗ್ ಗಿರಾಕಿ ಕಳಿಸಿದ್ದು. ಮೈಕ್ರಾನ್ ಲೆಕ್ಕದಲ್ಲಿ ಅಳತೆ ಹಿಡಿಯುವ ಕೈ ಮಾತ್ರ ನಮ್ಮ ಹುಡುಗರದ್ದು. ದಕ್ಕುವುದು ಜಾಬ್ ವರ್ಕ್ ಕೂಲಿ. ಆ ಡ್ರಾಯಿಂಗ್ ಇಲ್ಲೇ ಹುಟ್ಟಿದ್ದರೆ? ವಿನ್ಯಾಸಕ್ಕೆ ಇಂಜಿನಿಯರ್, ಟೂಲ್‌ರೂಮಿಗೆ ಡಿಪ್ಲೊಮಾದವರು, ಪರೀಕ್ಷೆಗೆ ಬಿಎಸ್ಸಿಯವರು, ದುರಸ್ತಿಗೆ ಐಟಿಐಯವರು – ಒಂದರ ಬೆನ್ನಿಗೆ ಒಂದು ಕೆಲಸ ಬರುತ್ತಿತ್ತು.

ಡ್ರಾಯಿಂಗ್ ಇಲ್ಲೇ ಹುಟ್ಟಲು ಸಂಶೋಧನೆ ಬೇಕು. ಅದಕ್ಕೆ ಬೇಕಾದ ದುಡ್ಡನ್ನೇ ನಾವು ಹಾಕುತ್ತಿಲ್ಲ. 2020-21ರಲ್ಲಿ ಭಾರತ ಸಂಶೋಧನೆಗೆ ವೆಚ್ಚ ಮಾಡಿದ್ದು ಜಿಡಿಪಿಯ ಶೇ 0.64. ಬ್ರೆಜಿಲ್ ಶೇ 1 ದಾಟಿದೆ, ಚೀನಾ ಶೇ 2.5 ದಾಟಿದೆ, ದಕ್ಷಿಣ ಕೊರಿಯಾ ಶೇ 5ರ ಹತ್ತಿರವಿದೆ. ಚೀನಾ, ಕೊರಿಯಾಗಳಲ್ಲಿ ಈ ವೆಚ್ಚದ ಮುಕ್ಕಾಲು ಪಾಲು ಕಂಪನಿಗಳದ್ದು. ನಮ್ಮ ಖಾಸಗಿ ಉದ್ಯಮದ ಪಾಲು ಶೇ 40 ಕೂಡ ಇಲ್ಲ.

‘ಸಂಶೋಧನೆಗೆ ಅಷ್ಟು ದುಡ್ಡು ಹಾಕುವ ಚೀನಾದಲ್ಲೂ 2023ರ ಜೂನ್‌ನಲ್ಲಿ ನಗರದ ಯುವಜನರ ನಿರುದ್ಯೋಗ ಶೇ 21.3 ಮುಟ್ಟಿತಲ್ಲ?’ ಎಂದು ಕೇಳುವವರಿದ್ದಾರೆ. ಮುಟ್ಟಿತು, ನಿಜ. ರಿಯಲ್ ಎಸ್ಟೇಟ್ ಕುಸಿದಿತ್ತು, ಟ್ಯೂಷನ್ ಕಂಪನಿಗಳಿಗೆ ಸರ್ಕಾರವೇ ಕಡಿವಾಣ ಹಾಕಿತ್ತು. ಪದವೀಧರರನ್ನು ಸೇರಿಸಿಕೊಳ್ಳುವವರು ಕಡಿಮೆಯಾದರು. ಸಂಶೋಧನೆ ಸರ್ವರೋಗಕ್ಕೂ ಮದ್ದಲ್ಲ. ಆಳು ಕಡಿಮೆ ಮಾಡುವ ಯಂತ್ರಕ್ಕಷ್ಟೇ ದುಡ್ಡು ಹೋದರೆ ಇರುವ ಕೆಲಸಕ್ಕೂ ಕುತ್ತು. ಅದಕ್ಕೇ ನಾವು ದುಡ್ಡಿನ ಜೊತೆಗೆ ಷರತ್ತನ್ನೂ ಕೇಳುತ್ತಿದ್ದೇವೆ.

ನಮ್ಮ ಬೇಡಿಕೆಗಳು:

1. ಸಂಶೋಧನೆಗೆ ಜಿಡಿಪಿಯ ಶೇ 2 ಎಂದು 2003ರ ವಿಜ್ಞಾನ, ತಂತ್ರಜ್ಞಾನ ನೀತಿಯಲ್ಲೇ ಕೇಂದ್ರ ಸರ್ಕಾರ ಬರೆದುಕೊಟ್ಟಿದೆ. ಆ ಮಾತು ಉಳಿಸಿಕೊಳ್ಳಲಿ.

2. ಖಾಸಗಿ ಸಂಶೋಧನೆಗೆಂದು 2025ರಲ್ಲಿ ಕೇಂದ್ರ ಒಪ್ಪಿದ 1 ಲಕ್ಷ ಕೋಟಿ ರೂಪಾಯಿ ಯೋಜನೆಯಿಂದ ಸಾಲ ಪಡೆಯುವ ಪ್ರತಿ ಕಂಪನಿಯೂ ಎಷ್ಟು ಯುವಜನರಿಗೆ ಕೆಲಸ ಕೊಟ್ಟಿತೆಂದು ವರ್ಷವರ್ಷವೂ ಲೆಕ್ಕ ಒಪ್ಪಿಸಲಿ.

3. ಪೀಣ್ಯ, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದ ಸಣ್ಣ ಕೈಗಾರಿಕೆಗಳಿಗೆ ಕೈಗೆಟಕುವ ದರದಲ್ಲಿ ಪರೀಕ್ಷಾ ಪ್ರಯೋಗಾಲಯ, ವಿನ್ಯಾಸ ಕೇಂದ್ರ ಸಿಗಲಿ.

4. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆಯಾದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಅದೂ ಹೆಚ್ಚೆಂದರೆ 2 ವರ್ಷ. ಆ ಅವಧಿಯಲ್ಲೇ ಇಂಥ ಕೇಂದ್ರಗಳಲ್ಲಿ ಸಂಬಳ ಸಹಿತ ತರಬೇತಿಯನ್ನು ರಾಜ್ಯ ಸರ್ಕಾರ ಕೊಡಲಿ.

5. ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ತಿಂಗಳು ತಪ್ಪದೆ ಖಾತೆಗೆ ಬೀಳಲಿ.

ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಶೇ 2 ಯಾವಾಗ? ನಮ್ಮ ಮಕ್ಕಳಿಗೆ ಅದರಲ್ಲಿ ಕೆಲಸ ಎಷ್ಟು?

ಓದಿ, ಮತ್ತೊಬ್ಬರಿಗೆ ಕೊಡಿ.