ಚೆಂಡು ಕೊಟ್ಟವರು ಯಾರು?

ಆನೆಗೊಂದಿಯ ಹೆಬ್ಬಂಡೆಗಳ ನಡುವಣ ಬಯಲಿನಲ್ಲಿ ಸಂಜೆಯ ಹೊತ್ತು ಹುಡುಗರು ಕ್ರಿಕೆಟ್ಟಾಡುತ್ತಾರೆ. ಕಾಲೇಜಿನಿಂದ ಮರಳಿದ ಮೇಲೆ ಅಲ್ಲೊಂದು ಬಂಡೆಯನ್ನೇರಿ ಕುಳಿತು ಅವರ ಆಟವನ್ನು ನೋಡುವುದು ನನ್ನ ಅಭ್ಯಾಸ. ಹುಟ್ಟಿನಿಂದಲೇ ಬಲಗೈ ಸೊರಗಿದ ಹುಡುಗನೊಬ್ಬನು ದಿನವೂ ಅಲ್ಲಿಗೆ ಬರುತ್ತಾನೆ. ಇದ್ದಿಲಿನಿಂದ ಬಂಡೆಯ ಮೇಲೆ ರನ್ನುಗಳ ಲೆಕ್ಕ ಬರೆಯುವುದಷ್ಟೇ ಆಟದವರು ಅವನಿಗೆ ಕೊಟ್ಟ ಕೆಲಸ.

ಮೊನ್ನೆ ಆಟ ಮುಗಿದ ಮೇಲೆ, ಬೌಲರನೊಬ್ಬನೇ ಇಡೀ ತಂಡವನ್ನು ಸೋಲಿಸಬಲ್ಲನೆ ಎಂದು ವಾದಿಸುತ್ತ ಹುಡುಗರು ನನ್ನ ಬಳಿಗೆ ಬಂದರು. ನಾನು ಅಮೆರಿಕದ ಬೇಸ್‌ಬಾಲ್ ಆಟದ ಮಾತೆತ್ತಿದೆ. ಅಲ್ಲಿ ಚೆಂಡೆಸೆಯುವವನು ಮೊದಲಿನಿಂದ ಕೊನೆಯವರೆಗೂ ತಾನೊಬ್ಬನೇ ಎಸೆದು, ಎದುರಾಳಿಗೆ ಒಂದು ರನ್ನನ್ನೂ ಕೊಡದೆ ಗೆದ್ದರೆ, ಆ 'ಶಟ್‌ಔಟ್' ಅವನ ಹೆಸರಿನಲ್ಲೇ ದಾಖಲಾಗುತ್ತದೆ. ೧೯೫೬ರ ಅಕ್ಟೋಬರ್ ೮ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಡಾನ್ ಲಾರ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಚೆಂಡೆಸೆದಾಗ, ೨೭ ಸರದಿಗಳಲ್ಲಿ ಒಬ್ಬನಾದರೂ ಮೊದಲ ನೆಲೆಯನ್ನು ಮುಟ್ಟಲಿಲ್ಲ. ಕ್ರಿಕೆಟ್ಟಿನಲ್ಲಿ ಹಾಗಾಗದು, ಒಂದು ಓವರು ಎಸೆದವನು ಮುಂದಿನದನ್ನು ಇನ್ನೊಬ್ಬನಿಗೆ ಬಿಟ್ಟುಕೊಡಲೇಬೇಕು. ಆದರೂ ಅದರ ಸಮೀಪಕ್ಕೆ ಬರುವ ಕಥೆಯೊಂದು ನಮ್ಮ ನಾಡಿನವರದೇ ಇದೆ.

೧೯೪೫ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರ ಬಲಗೈಯನ್ನು ಬಾಲ್ಯದಲ್ಲೇ ಪೋಲಿಯೊ ಕೃಶಗೊಳಿಸಿತ್ತು. ಮೈದಾನದ ಅಂಚಿನಿಂದ ಚೆಂಡನ್ನು ಹಿಂದಿರುಗಿಸುವಾಗ ಅವರು ಎಡಗೈಯನ್ನೇ ಬಳಸುತ್ತಿದ್ದರು. ಆದರೆ ಬೌಲ್ ಮಾಡುತ್ತಿದ್ದುದು ಆ ಸೊರಗಿದ ಬಲಗೈಯಿಂದ. ಸ್ಪಿನ್ನರುಗಳಲ್ಲಿ ಅಪೂರ್ವವಾದ ವೇಗ ಅದರಲ್ಲಿತ್ತು. ಅವರು ಮೂರು ವರ್ಷಗಳಿಗೂ ಹೆಚ್ಚು ಕಾಲ ಟೆಸ್ಟ್ ತಂಡದಿಂದ ಹೊರಗುಳಿದು, ೧೯೭೧ರಲ್ಲಿ ಇಂಗ್ಲೆಂಡಿನ ಪ್ರವಾಸಕ್ಕೆ ಮರಳಿ ಬಂದರು.

ಆ ವರ್ಷದ ಆಗಸ್ಟ್ ೨೩. ಲಂಡನ್ನಿನ ಓವಲ್ ಮೈದಾನ. ಮೊದಲ ಇನಿಂಗ್ಸಿನಲ್ಲಿ ೭೧ ರನ್ನು ಮುಂದಿದ್ದ ಇಂಗ್ಲೆಂಡ್ ಎರಡನೆಯದನ್ನು ಆಡುತ್ತಿತ್ತು. ಲಕ್‌ಹರ್ಸ್ಟ್ ಹೊಡೆದ ಚೆಂಡು ಚಂದ್ರಶೇಖರರ ಕೈಗೆ ತಾಗಿ ವಿಕೆಟ್ಟಿಗೆ ಬಡಿಯಿತು. ಆ ತುದಿಯಲ್ಲಿದ್ದ ಜೇಮ್ಸನ್ ರನ್‌ಔಟಾದರು. ಬಳಿಕ ಎಡ್ರಿಚ್ ಬೌಲ್ಡಾದರು. ಮರುಚೆಂಡಿಗೇ ಫ್ಲೆಚರ್ ಕೊಟ್ಟ ಕ್ಯಾಚನ್ನು ಬ್ಯಾಟಿನ ಬಳಿಯಲ್ಲೇ ನಿಂತಿದ್ದ ಸೋಲ್ಕರ್ ಹಿಡಿದರು. ಇಂಗ್ಲೆಂಡ್ ೧೦೧ಕ್ಕೆ ಮುಗಿಯಿತು. ಚಂದ್ರಶೇಖರರಿಗೆ ೩೮ ರನ್ನುಗಳಿಗೆ ೬ ವಿಕೆಟ್. ಮರುದಿನ ಭಾರತವು ಇಂಗ್ಲೆಂಡಿನ ನೆಲದಲ್ಲಿ ತನ್ನ ಮೊದಲ ಟೆಸ್ಟ್ ವಿಜಯವನ್ನು ಪಡೆಯಿತು.

ಅಂದು ಗಣೇಶ ಚತುರ್ಥಿಯೆಂದು ಮೈದಾನಕ್ಕೆ ಆನೆಯೊಂದನ್ನು ಕರೆತಂದಿದ್ದರೆಂದು ನಾನು ಹೇಳಿದಾಗ ಹುಡುಗರಿಗೆ ಹಿಗ್ಗೋ ಹಿಗ್ಗು. ಎಷ್ಟಾದರೂ ಆನೆಗೊಂದಿಯವರಲ್ಲವೆ! ಆದರೆ ಲೆಕ್ಕ ಬರೆಯುವ ಹುಡುಗನು ನಗಲಿಲ್ಲ. ಇದ್ದಿಲನ್ನು ಬೆರಳುಗಳಲ್ಲಿ ತಿರುಗಿಸುತ್ತ ಕೇಳಿದನು:

"ಸರ, ಅವರ ಕೈಯಾಗ ಚೆಂಡು ಕೊಟ್ಟವರು ಯಾರ್ರಿ?"

"ನಾಯಕ ಅಜಿತ್ ವಾಡೇಕರ್" ಎಂದೆ. ಉತ್ತರ ಸರಿಯಾಗಿತ್ತು; ಆದರೆ ಅವನು ಕೇಳಿದ್ದು ಹೆಸರನ್ನಲ್ಲ ಎಂಬುದು ಮನೆಯ ದಾರಿ ಹಿಡಿದ ಮೇಲೆ ನನಗೆ ಹೊಳೆಯಿತು. ಸೊರಗಿದ ಕೈಯ ಸಾಹಸವನ್ನು ಬಣ್ಣಿಸುವ ನಾವು, ಆ ಕೈಗೆ ಚೆಂಡನ್ನಿತ್ತ ನಂಬಿಕೆಯನ್ನು ಮರೆಯುತ್ತೇವೆ. ಆರು ವಿಕೆಟ್ಟುಗಳು ಆಮೇಲಿನ ಮಾತು. ಇಷ್ಟು ದಿನ ಬಂಡೆಯ ಮೇಲೆ ಕುಳಿತು ನೋಡುತ್ತಿದ್ದ ನನಗಾದರೂ ಆ ಮಾತು ಎಂದಾದರೂ ತೋಚಿತ್ತೆ?

ಮರುದಿನ ಸಂಜೆ ತಂಡದ ನಾಯಕನಾಗಿದ್ದ ಹುಡುಗನು, ಯಾರೂ ಹೇಳದೆಯೇ, ಚೆಂಡನ್ನು ಅವನತ್ತ ತೂರಿದನು. ಅವನು ಎಡಗೈಯಲ್ಲಿ ಹಿಡಿದು ಬಲಗೈಗೆ ದಾಟಿಸಿಕೊಂಡನು. ಇದ್ದಿಲು ನನ್ನ ಪಾಲಿಗೆ ಬಂತು. ಅವನ ಮೊದಲ ಓವರಿನಲ್ಲಿ ಹನ್ನೊಂದು ರನ್ನುಗಳು ಹೋದವು. ಬಂಡೆಯ ಮೇಲೆ ಹಾಗೆಯೇ ಬರೆದೆ.

ಎರಡನೆಯ ಓವರಿಗೂ ಚೆಂಡು ಅವನಿಗೇ ಸಿಕ್ಕಿತು.