ಟ್ರಂಕಿನ್ಯಾಗಿನ ಕ್ಯಾಸೆಟ್ಟು ಎಸೀಬ್ಯಾಡ್ರಿ

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಹಾಡಿನ ಮಾತು ಬಂದರೆ ಎರಡು ಪಂಗಡ ಆಗುತ್ತವೆ. 'ಟೇಪಿನ ದನಿ ಬ್ಯಾರೇನೇ ರೀ' ಅನ್ನುವ ಹಿರಿಯರು ಒಂದು ಕಡೆ. 'ಮೊಬೈಲ್‌ನಾಗ ಎಲ್ಲಾ ಬರ್ತದ, ಆ ಡಬ್ಬಿ ಯಾಕ ಬೇಕು?' ಅನ್ನುವ ಹುಡುಗರು ಇನ್ನೊಂದು ಕಡೆ. ಈ ಜಗಳದಲ್ಲಿ ಅಸಲು ಮಾತು ತಪ್ಪಿಹೋಗುತ್ತಿದೆ ಅನ್ನುವುದು ನಮ್ಮ ಅನಿಸಿಕೆ. ಮನೆಯ ಟ್ರಂಕಿನಲ್ಲಿ, ಮಠದ ಕಪಾಟಿನಲ್ಲಿ ಬಿದ್ದಿರುವ ಎಷ್ಟೋ ಕ್ಯಾಸೆಟ್ಟುಗಳಿಗೆ ಇನ್ನೊಂದು ಪ್ರತಿಯೇ ಇಲ್ಲ. ಅವು ಹೋದರೆ ಹೋದವು.

ನಾವು ಹೇಳುತ್ತಿರುವುದು ಸಿನಿಮಾ ಹಾಡಿನ ಕ್ಯಾಸೆಟ್ಟಿನ ಬಗ್ಗೆ ಅಲ್ಲ. ಅವು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಅಮಾವಾಸ್ಯೆ ರಾತ್ರಿಯ ಭಜನೆ, ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂನ ರಿವಾಯತ್ ಪದ, ಡೊಳ್ಳಿನ ಪದ, ದೊಡ್ಡಾಟ, ಮದುವೆ ಮನೆಯ ಸೋಬಾನೆ: ಊರವರೇ ಗುಂಡಿ ಒತ್ತಿ ತುಂಬಿಕೊಂಡ ಕ್ಯಾಸೆಟ್ಟುಗಳ ಮಾತು ಇದು.

ಫಿಲಿಪ್ಸ್ ಕಂಪನಿ 1963ರಲ್ಲಿ ಈ ಪುಟ್ಟ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿತು. ನಮ್ಮ ದೇಶದ ಹಳ್ಳಿಗಳಲ್ಲಿ ಅದು ಹರಡಿದ್ದು 1980ರ ದಶಕದಲ್ಲಿ. ಅದಕ್ಕೂ ಮುಂಚೆ ಹಾಡು ಮುದ್ರಣ ಆಗಬೇಕಾದರೆ ಕಂಪನಿಯ ಸ್ಟುಡಿಯೋ ಬೇಕು, ಇಲ್ಲವೇ ಆಕಾಶವಾಣಿ ಬೇಕು. ಗ್ರಾಮಫೋನು ಹಾಡು ಕೇಳಿಸುತ್ತಿತ್ತೇ ಹೊರತು ತುಂಬಿಕೊಳ್ಳುತ್ತಿರಲಿಲ್ಲ. ಟೇಪ್‌ರೆಕಾರ್ಡರು ಎರಡನ್ನೂ ಮಾಡಿತು. ಹಾಗಾಗಿ ಯಾರ ಅಪ್ಪಣೆಯೂ ಇಲ್ಲದೆ ನಮ್ಮವರು ನಮ್ಮ ದನಿ ಹಿಡಿದಿಟ್ಟರು.

ತತ್ವಪದದ ಪುಸ್ತಕ ಬಂದಿವೆಯಲ್ಲ ಅಂತ ಕೇಳಬಹುದು. ಬಂದಿವೆ. ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರವೇ ಸಂಪುಟಗಳನ್ನು ತಂದಿದೆ, ಅದು ದೊಡ್ಡ ಕೆಲಸ. ಆದರೆ ಪುಸ್ತಕದಲ್ಲಿ ಪದ ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ಮುಂದಿನವರು ಎಲ್ಲಿ ಎಳೆಯಬೇಕು, ಹಿಮ್ಮೇಳದವರು ಎಲ್ಲಿ ಎತ್ತಿಕೊಳ್ಳಬೇಕು ಎಂಬುದು ಕಿವಿಯಿಂದ ಕಿವಿಗೆ ಬಂದ ವಿದ್ಯೆ. ಹಾಡಿದವರು ತೀರಿಹೋದ ಮೇಲೆ ಅದಕ್ಕೆ ಸಾಕ್ಷಿ ಆ ಕ್ಯಾಸೆಟ್ಟು ಒಂದೇ.

ಟೇಪು ಅಂದರೆ ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿ ಅಂಟಿಸಿರುತ್ತಾರೆ. ದನಿ ಆ ಪುಡಿಯಲ್ಲಿ ಕಾಂತದ ಗುರುತಾಗಿ ಕೂತಿರುತ್ತದೆ. ನಮ್ಮ ಬೇಸಿಗೆಯ ಬಿಸಿಲು, ಮಳೆಗಾಲದ ಬೂಷ್ಟು, ಧೂಳು ಮೂರೂ ಅದಕ್ಕೆ ವೈರಿ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸಿದಷ್ಟೂ 'ಸ್' ಅನ್ನುವ ಸದ್ದು ಹೆಚ್ಚುತ್ತದೆ. ಹಾಗಾಗಿ ಟೇಪನ್ನು ಟೇಪಾಗಿಯೇ ಕಾಪಾಡುತ್ತೇವೆ ಅನ್ನುವುದು ಆಗದ ಮಾತು. ಯುನೆಸ್ಕೋ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲೇ ಎಚ್ಚರಿಸಿದ್ದವು: ಟೇಪು ಓಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಮಾಯವಾಗುತ್ತಿದ್ದಾರೆ, 2025ರ ಹೊತ್ತಿಗೆ ಪ್ರತಿ ತೆಗೆಯುವುದೇ ಕಷ್ಟ ಆಗಬಹುದು ಅಂತ. ಆ ವರ್ಷ ಬಂದಾಯಿತು. ನಿಮ್ಮ ಊರಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುವವರು ಎಷ್ಟು ಜನ ಉಳಿದಿದ್ದಾರೆ, ನೀವೇ ಎಣಿಸಿ ನೋಡಿ.

ಹಾಗಂತ ಡಿಜಿಟಲ್ ಮಾಡಿದರೆ ಮುಗಿಯಿತು ಅಂತಲೂ ಅಲ್ಲ. ಡಿಜಿಟಲ್‌ನ ಗುಣ ದೊಡ್ಡದು: ಸಾವಿರ ಪ್ರತಿ ತೆಗೆದರೂ ಸಾವಿರನೆಯದು ಮೊದಲಿನಂತೆಯೇ ಇರುತ್ತದೆ. ಸೆಲ್ಲು ಇಳಿದಾಗ ತುಂಬಿದ ಟೇಪು ಆಮೇಲೆ ಹಾಕಿದರೆ ಗಡಿಬಿಡಿಯಾಗಿ, ಕೀರಲಾಗಿ ಓಡುತ್ತದೆ. ಕಂಪ್ಯೂಟರ್ ಅದನ್ನೂ ಸರಿಮಾಡುತ್ತದೆ. ಆದರೆ ಟೇಪು ಹಳೆಯದಾದರೆ ದನಿ ಮಂಕಾಗುತ್ತದೆ, ಮೆಮೊರಿ ಕಾರ್ಡು ಕೆಟ್ಟರೆ ಎಲ್ಲವೂ ಒಂದೇ ಸಲಕ್ಕೆ ಹೋಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಟೇಪ್‌ರೆಕಾರ್ಡರ್ ಮುಂದೆ ಮೊಬೈಲ್ ಹಿಡಿದು ವಾಟ್ಸಾಪ್ ವಾಯ್ಸ್ ಕಳಿಸಿದರೆ ಹಾಡು ಉಳಿಯಿತು ಅನ್ನುವುದು. ವಾಯ್ಸ್ ಮೆಸೇಜು ಮಾತಿಗೆ ಮಾಡಿದ್ದು. ಅದು ದನಿಯನ್ನು ಹಿಂಡಿ ಸಣ್ಣದು ಮಾಡುತ್ತದೆ. ಎಷ್ಟೋ ಮೊಬೈಲ್‌ಗಳು ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಅಂದುಕೊಂಡು ತಾವಾಗಿಯೇ ತಗ್ಗಿಸುತ್ತವೆ. ತಂಬೂರಿಯ ಶ್ರುತಿ ಒಂದೇ ಸಮನೆ ಬರುವ ಸದ್ದೇ ಅಲ್ಲವೇ?

ಹೊಸದಾಗಿ ಹಾಡಿಸುವಾಗಲೂ ಇದೇ ಪಾಡು. ಸ್ಟುಡಿಯೋದಲ್ಲಿ ಕೀಬೋರ್ಡಿನ ಟ್ರ್ಯಾಕ್ ಮೊದಲೇ ರೆಡಿ. ಹಾಡುವವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಸಾಲು ಹಾಡಬೇಕು. ಆದರೆ ಭಜನೆಯ ಲಯ ಮೆಲ್ಲಗೆ ಶುರುವಾಗಿ, ಏರುತ್ತಾ ಏರುತ್ತಾ ಹೋಗಿ, ಕೊನೆಗೆ ತಾಳ ದಮ್ಮಡಿ ಎಲ್ಲ ಒಂದಾಗುವಂಥದ್ದು. ಟ್ರ್ಯಾಕಿನ ಲಯ ಅಳತೆ ಕಟ್ಟಿದ ಹಾಗೆ ನಿಂತಲ್ಲೇ ನಿಂತಿರುತ್ತದೆ. ಇದು ಕಂಪ್ಯೂಟರಿನ ತಪ್ಪಲ್ಲ, ನಾವು ಅದನ್ನು ಬಳಸುವ ರೀತಿಯ ತಪ್ಪು. ಅದೇ ಕಂಪ್ಯೂಟರಿನಲ್ಲಿ ಇಡೀ ಮೇಳವನ್ನು ಒಟ್ಟಿಗೆ ಕೂಡಿಸಿ, ತಡೆಯದೆ ತುಂಬಿಕೊಳ್ಳಬಹುದು. ಟೇಪಿನಂತೆ ಅರ್ಧ ಗಂಟೆಗೊಮ್ಮೆ ಮಗ್ಗಲು ಬದಲಿಸುವ ಗೋಜೂ ಇಲ್ಲ.

ಮಾಡಬೇಕಾದ್ದು ಇಷ್ಟು. ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರು ಮುರಿದುಬಿಡಿ, ಅದರ ಮೇಲೆ ಯಾರೂ ಅಪ್ಪಿತಪ್ಪಿ ಬೇರೆ ತುಂಬುವುದಿಲ್ಲ. ಸ್ಪೀಕರಿನ ಪಕ್ಕ ಇಡಬೇಡಿ. ಟೇಪ್‌ರೆಕಾರ್ಡರಿನ ಹೆಡ್ ಒರೆಸಿ, ಅದರ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಕೊಡಿ. ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ತುಂಬಿಸಿ. ಎಂಪಿ3 ಅಲ್ಲ, ವೇವ್ ಫೈಲ್ ಮಾಡಿ. ಸಂಗ್ರಹಾಲಯದವರ ಅಳತೆ 48 ಕಿಲೋಹರ್ಟ್ಸ್, 24 ಬಿಟ್. ಆ ಲೆಕ್ಕದಲ್ಲಿ 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 1 ಜಿಬಿ. 32 ಜಿಬಿ ಪೆನ್‌ಡ್ರೈವಿನಲ್ಲಿ ಸುಮಾರು 30 ಕ್ಯಾಸೆಟ್ಟು ಹಿಡಿಯುತ್ತವೆ. ಎರಡು ಕಡೆ ಪ್ರತಿ ಇಡಿ. ಹಾಡಿದವರು, ಬಾರಿಸಿದವರು, ಊರು, ವರ್ಷ ಬರೆದಿಡಿ. ಕ್ಯಾಸೆಟ್ಟನ್ನೂ ಎಸೆಯಬೇಡಿ.

ಇದು ಒಬ್ಬೊಬ್ಬರ ಕೈಲಿ ಆಗುವ ಕೆಲಸವಲ್ಲ ಎಂಬುದೂ ನಮಗೆ ಗೊತ್ತು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇಡಿಸುತ್ತಿರುವ ಸರ್ಕಾರ ತಾಲ್ಲೂಕಿಗೆ ಒಂದು ಒಳ್ಳೆಯ ಟೇಪ್ ಡೆಕ್ಕು, ಒಬ್ಬ ಕಲಿತ ಹುಡುಗನನ್ನು ಕೊಡಲಾರದೇ? ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಒಂದು ಉತ್ಸವದ ಪೆಂಡಾಲಿನ ಖರ್ಚಿಗಿಂತ ಇದು ದೊಡ್ಡದೇನಲ್ಲ. ಒಂದೇ ಷರತ್ತು: ಹಾಡಿದವರ ಮನೆಯವರನ್ನು ಕೇಳದೆ ಯಾವ ದನಿಯೂ ಯಾರದೋ ಚಾನೆಲ್ಲಿಗೆ ಹೋಗಬಾರದು. ಬಡ ಕಲಾವಿದರ ಹಾಡಿಗೆ ಬೇರೆಯವರು ದುಡ್ಡು ಎಣಿಸುವುದನ್ನು ನಾವು ಸಾಕಷ್ಟು ನೋಡಿದ್ದೇವೆ.

ಈ ಭಾನುವಾರ ಒಮ್ಮೆ ಟ್ರಂಕು ತೆಗೆದು ನೋಡಿ. ಕ್ಯಾಸೆಟ್ಟಿನ ಮೇಲೆ ಅಳಿಸಿದಂಥ ಪೆನ್ನಿನ ಅಕ್ಷರ ಕಂಡರೆ, ಅದು ಯಾರ ದನಿ ಅಂತ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಗುರುತು ಹಿಡಿಯುವವರು ಇರುವಾಗಲೇ ಈ ಕೆಲಸ ಆಗಬೇಕು.