ಬೆಂಗಳೂರಿನ ಇರುಳು: ಕಾನೂನಿನ ಗಡಿಯಾರ, ಕನ್ನಡದ ಮೌನ

ಬೆಂಗಳೂರನ್ನು ಕುರಿತ ಮಾತುಕತೆಗಳಲ್ಲಿ ‘ಪಿಂಚಣಿದಾರರ ಸ್ವರ್ಗ’ ಎಂಬ ಬಣ್ಣನೆ ಬಹುಕಾಲ ಬಾಳಿತು. ಬೇಗ ಮಲಗುವ, ಆತುರವರಿಯದ ರಾಜಧಾನಿ ಎಂಬುದು ಆ ಬಣ್ಣನೆಯ ಹಿಂದಿನ ಚಿತ್ರ. ಇದರ ಬೆನ್ನಿಗೇ ‘ಕೆಟ್ಟುಹೋದ ನಗರ’ದ ಕಥನವೂ ರೂಪುಗೊಂಡಿದೆ. ಪಬ್ಬುಗಳು ಬಂದವು, ಕಾಲ್‌ಸೆಂಟರುಗಳು ಬಂದವು, ರಾತ್ರಿ ಬದಲಾಯಿತು, ಅದರೊಡನೆ ಮೈಮಾರಾಟದ ವ್ಯಾಪಾರವೂ ಗುಟ್ಟಾಗಿ ಬೆಳೆಯಿತು ಎಂಬುದು ಅದರ ಸಾರ. ಈ ಕಥನ ಎರಡು ಕಾರಣಗಳಿಂದ ದುರ್ಬಲವಾದುದು. ಮೊದಲನೆಯದಾಗಿ, ಅದು ನಗರದ ಚರಿತ್ರೆಗೆ ಹೊಂದುವುದಿಲ್ಲ. ಎರಡನೆಯದಾಗಿ, ಈ ವ್ಯಾಪಾರಕ್ಕಿರುವ ಮರೆಯನ್ನು ಅದು ವ್ಯಾಪಾರದ ಸಹಜ ಗುಣವೆಂದೇ ಭಾವಿಸುತ್ತದೆ. ವಾಸ್ತವದಲ್ಲಿ ಈ ಮರೆಯನ್ನು ಕಟ್ಟಿದ್ದು ಕಾನೂನು. ಅದನ್ನು ಉಳಿಸಿಕೊಂಡು ಬಂದಿರುವುದು ನಮ್ಮ ಶಿಷ್ಟ ಭಾಷೆ. ಎರಡರ ಬೆಲೆಯನ್ನೂ ತೆರುತ್ತಿರುವವರು ರಾತ್ರಿ ದುಡಿಯುವ ಹೆಣ್ಣುಗಳು.

ಚರಿತ್ರೆಯಿಂದಲೇ ಆರಂಭಿಸಬಹುದು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿದಾಗಿನಿಂದ ಬೆಂಗಳೂರು ಎರಡು ಊರುಗಳಾಗಿ ಬೆಳೆಯಿತು: ಒಂದು ಪೇಟೆ, ಇನ್ನೊಂದು ದಂಡು. ದಂಡಿನ ಇರುಳಿಗೆ ತನ್ನದೇ ಆದ ಆಡಳಿತವಿತ್ತು. 1864ರ ಕಂಟೋನ್ಮೆಂಟ್ ಕಾಯಿದೆ ಹಾಗೂ 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಗಳು ಸೈನಿಕರ ಸಂಪರ್ಕಕ್ಕೆ ಬರುವ ಹೆಣ್ಣುಗಳನ್ನು ನೋಂದಾಯಿಸಿ, ಬಲವಂತದ ವೈದ್ಯಕೀಯ ತಪಾಸಣೆಗೆ ಒಳಪಡಿಸಲು ಅವಕಾಶ ಕಲ್ಪಿಸಿದವು. ರೋಗವುಳ್ಳವಳೆಂದು ಕಂಡವಳನ್ನು ‘ಲಾಕ್ ಆಸ್ಪತ್ರೆ’ ಎಂದು ಕರೆಯಲಾಗುತ್ತಿದ್ದ ಕಡೆ ಕೂಡಿಹಾಕಲಾಗುತ್ತಿತ್ತು. ಅದೇ ಕಟ್ಟುಪಾಡು ಸೈನಿಕನಿಗಿರಲಿಲ್ಲ. 1888ರಲ್ಲಿ ಎರಡನೆಯ ಕಾಯಿದೆ ರದ್ದಾಯಿತು. ಆದರೆ ಇರುಳಿನ ಸುಖವನ್ನು ಗಂಡಸಿನ ಲೆಕ್ಕಕ್ಕೂ ಅದರ ಅಪಾಯವನ್ನು ಹೆಂಗಸಿನ ಲೆಕ್ಕಕ್ಕೂ ಬರೆಯುವ ಪದ್ಧತಿ ಉಳಿದುಕೊಂಡಿತು. ‘ಶಾಂತ’ ಬೆಂಗಳೂರಿನ ಚಿತ್ರದಲ್ಲಿ ಈ ಅಧ್ಯಾಯಕ್ಕೆ ಜಾಗವಿಲ್ಲ.

ಸ್ವಾತಂತ್ರ್ಯಾನಂತರದ ಪ್ರಭುತ್ವ ಹಿಡಿದ ದಾರಿ ಬೇರೆ. 1956ರಲ್ಲಿ ಬಂದು, 1986ರ ತಿದ್ದುಪಡಿಯಿಂದ ಅನೈತಿಕ ವ್ಯವಹಾರಗಳ ತಡೆ ಕಾಯಿದೆ ಎಂಬ ಹೆಸರು ಪಡೆದ ಕಾನೂನು, ವಯಸ್ಕಳೊಬ್ಬಳು ಹಣ ಪಡೆದು ಲೈಂಗಿಕ ಸಂಬಂಧಕ್ಕೆ ಒಪ್ಪುವುದನ್ನೇ ಅಪರಾಧವೆಂದು ಹೇಳುವುದಿಲ್ಲ. ಅದು ನಿಷೇಧಿಸುವುದು ಅದರ ಸುತ್ತಲಿನ ಎಲ್ಲವನ್ನು. ವೇಶ್ಯಾಗೃಹ ನಡೆಸುವುದು, ಆ ಸಂಪಾದನೆಯಲ್ಲಿ ಜೀವಿಸುವುದು, ಸಾರ್ವಜನಿಕವಾಗಿ ಗಿರಾಕಿಯನ್ನು ಕರೆಯುವುದು, ದೇವಸ್ಥಾನ, ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ ಮೊದಲಾದವುಗಳ 200 ಮೀಟರ್ ಒಳಗೆ ವೃತ್ತಿ ನಡೆಸುವುದು ಇವೆಲ್ಲ ಅಪರಾಧಗಳು. ಬೀದಿಗೊಂದು ಗುಡಿ, ಅಡ್ಡರಸ್ತೆಗೊಂದು ಶಾಲೆಯಿರುವ ಬೆಂಗಳೂರಿನಲ್ಲಿ ಈ 200 ಮೀಟರಿನ ಆಚೆಗೆ ಉಳಿಯುವ ಜಾಗ ಎಷ್ಟು ಎಂಬುದನ್ನು ಯಾರಾದರೂ ಊಹಿಸಬಹುದು. ಗಿರಾಕಿಯನ್ನು ಕರೆಯುವ ಅಪರಾಧಕ್ಕೆ ಹೆಣ್ಣಿಗೆ ಮೊದಲ ಸಲವೇ ಆರು ತಿಂಗಳವರೆಗೆ ಸೆರೆವಾಸ ಸಾಧ್ಯ. ಅದೇ ಕಲಮಿನಲ್ಲಿ ಗಂಡಸಿಗಿರುವ ಗರಿಷ್ಠ ಶಿಕ್ಷೆ ಮೂರು ತಿಂಗಳು. ಹೀಗೆ ವೃತ್ತಿಯನ್ನು ನೇರವಾಗಿ ನಿಷೇಧಿಸದೆ, ಅದು ಎಲ್ಲಿಯೂ ಕಾಣಿಸಿಕೊಳ್ಳಬಾರದು ಎಂದಷ್ಟೇ ಕಾನೂನು ವಿಧಿಸಿತು.

ಮುಂಬಯಿಯ ಕಾಮಾಠಿಪುರ, ಕೋಲ್ಕತ್ತದ ಸೋನಾಗಾಚಿಗಳಂತಹ ಒಂದು ನಿರ್ದಿಷ್ಟ ಕೇರಿ ಬೆಂಗಳೂರಿಗೆ ಇಲ್ಲದಿರುವುದು ಇಲ್ಲಿ ಗಮನಾರ್ಹ. ಇಲ್ಲಿ ಈ ದುಡಿಮೆ ಬಸ್ ನಿಲ್ದಾಣ, ಮಾರುಕಟ್ಟೆ, ಉದ್ಯಾನ, ವಸತಿಗೃಹ, ಬಾಡಿಗೆ ಮನೆಗಳಲ್ಲಿ ಚದುರಿಹೋಗಿದೆ; ಮೊಬೈಲ್ ಫೋನು ಬಂದ ಮೇಲೆ ಇನ್ನಷ್ಟು ಚದುರಿದೆ. ಇದನ್ನು ನಗರದ ಸಭ್ಯತೆಯ ಲಕ್ಷಣವೆಂದು ಭಾವಿಸುವವರಿದ್ದಾರೆ. ಆದರೆ ಚದುರಿದ ದುಡಿಮೆಯಲ್ಲಿ ಜೊತೆಗಾತಿಯಿಲ್ಲ, ಕೂಗಿದರೆ ಓಡಿಬರುವ ನೆರೆಯಿಲ್ಲ. ಬೆಂಗಳೂರಿನ ಹಿಜ್ರಾ ಮತ್ತು ಕೋತಿ ಲೈಂಗಿಕ ಕಾರ್ಯಕರ್ತರನ್ನು ಕುರಿತು 2003ರಲ್ಲಿ ಪಿಯುಸಿಎಲ್‌ನ ಕರ್ನಾಟಕ ಘಟಕ ಪ್ರಕಟಿಸಿದ ವರದಿ, ಇಂತಹವರ ಮೇಲೆ ಪೊಲೀಸರಿಂದಲೂ ಪುಂಡರಿಂದಲೂ ನಡೆಯುತ್ತಿದ್ದ ಹಿಂಸೆಯನ್ನು ದಾಖಲಿಸಿತು. 2006ರಲ್ಲಿ ಕರ್ನಾಟಕ ಲೈಂಗಿಕ ಕಾರ್ಯಕರ್ತರ ಯೂನಿಯನ್ ಹುಟ್ಟಿಕೊಂಡುದನ್ನು ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು.

ಜಾಗತೀಕರಣದ ಘಟ್ಟದಲ್ಲಿ ಇರುಳಿನ ಸ್ಥಿತ್ಯಂತರ ತೀವ್ರವಾಯಿತು. 1980ರ ದಶಕದ ಕೊನೆಯ ಹೊತ್ತಿಗೆ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಗಳ ಸುತ್ತ ಪಬ್ಬುಗಳು ತಲೆಯೆತ್ತಿದ್ದವು. ಆಮೇಲೆ ಬಂದದ್ದು ಅಮೆರಿಕದ ಹಗಲಿಗೆ ಇಲ್ಲಿನ ರಾತ್ರಿಯನ್ನು ಜೋಡಿಸಿದ ಉದ್ಯಮ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961 ಮಹಿಳೆಯರ ರಾತ್ರಿ ದುಡಿಮೆಯನ್ನು ನಿಷೇಧಿಸಿತ್ತು. 2002ರ ತಿದ್ದುಪಡಿ ಮಾಹಿತಿ ತಂತ್ರಜ್ಞಾನ ಮತ್ತು ಅದನ್ನಾಧರಿಸಿದ ಸೇವೆಗಳಿಗೆ ಇದರಿಂದ ವಿನಾಯಿತಿ ನೀಡಲು ದಾರಿ ಮಾಡಿತು. ಇದಾದ ಮೂರೇ ವರ್ಷಗಳಲ್ಲಿ, 2005ರಲ್ಲಿ, ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಹೊರಬಿದ್ದು ಲೈವ್‌ಬ್ಯಾಂಡ್, ಕ್ಯಾಬರೆ, ಡಿಸ್ಕೊಗಳು ಪೊಲೀಸ್ ಆಯುಕ್ತರ ಪರವಾನಗಿಗೆ ಒಳಪಟ್ಟವು. ಈ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2018ರ ಜನವರಿಯಲ್ಲಿ ಎತ್ತಿಹಿಡಿಯಿತು.

ಈ ಎರಡು ಕ್ರಮಗಳನ್ನು ಒಟ್ಟಿಗಿಟ್ಟು ಓದುವುದು ಅಗತ್ಯ. ಒಂದೇ ನಗರ, ಹೆಚ್ಚುಕಡಿಮೆ ಒಂದೇ ಕಾಲಘಟ್ಟ. ಫೋನಿನ ಮುಂದೆ ಕುಳಿತು ದುಡಿಯುವವಳಿಗೆ ಇರುಳಿನ ಬಾಗಿಲು ತೆರೆಯಿತು. ವೇದಿಕೆಯ ಮೇಲೆ ಹಾಡಿ ಕುಣಿದು ದುಡಿಯುವವಳಿಗೆ ಅದು ಇಕ್ಕಟ್ಟಾಯಿತು. 2005ರ ಡಿಸೆಂಬರಿನಲ್ಲಿ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರು ರಾತ್ರಿಪಾಳಿಗೆ ಹೊರಟವರು ಕೊಲೆಯಾದಾಗ ಸಮಾಜ ತಲ್ಲಣಿಸಿತು, ಉದ್ಯೋಗದಾತರ ಹೊಣೆಯ ಪ್ರಶ್ನೆ ಎದ್ದಿತು. ಆ ತಲ್ಲಣ ನ್ಯಾಯವಾದುದೇ. ಆದರೆ ಅದೇ ಹೊತ್ತಿನಲ್ಲಿ ಅದೇ ರಸ್ತೆಯ ಬಸ್ ನಿಲ್ದಾಣದಲ್ಲಿ ನಿಂತವಳ ಸುರಕ್ಷತೆ ಯಾರ ಹೊಣೆ ಎಂಬ ಪ್ರಶ್ನೆ ಏಳಲಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆಯ ಸುತ್ತ ರಾಜ್ಯದಾದ್ಯಂತ ಎದ್ದ ವಾಗ್ವಾದವೂ ‘ಪಬ್ ಸಂಸ್ಕೃತಿ’ ಮತ್ತು ವ್ಯಕ್ತಿಸ್ವಾತಂತ್ರ್ಯಗಳ ನಡುವೆಯೇ ತಿರುಗಿತು. 2024ರ ಆಗಸ್ಟಿನಲ್ಲಿ ಸರ್ಕಾರ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಹೋಟೆಲು, ಬಾರುಗಳಿಗೆ ರಾತ್ರಿ 1 ಗಂಟೆಯವರೆಗೆ ಅನುಮತಿ ನೀಡಿದಾಗ ಚರ್ಚೆಗೆ ಬಂದದ್ದು ವ್ಯಾಪಾರ, ವರಮಾನ, ಗದ್ದಲ. ಇರುಳನ್ನು ಗಿರಾಕಿಯ ಗಂಟೆಗಳಲ್ಲಿ ಅಳೆಯುವ ಗಡಿಯಾರ ದುಡಿಯುವವಳನ್ನು ಎಣಿಸುವುದೇ ಇಲ್ಲ.

ಕನ್ನಡ ಅಧ್ಯಯನಕ್ಕೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಇಲ್ಲಿ ಸಹಜ. ಕನ್ನಡಕ್ಕೆ ಇರುಳಿನ ಸಂಕಥನ ಹೊಸದಲ್ಲ. ಪಾನಗೋಷ್ಠಿಯ ವರ್ಣನೆ ನಮ್ಮ ಚಂಪೂಕಾವ್ಯಗಳ ಅಂಗವಾಗಿತ್ತು. ಪಂಪನ ಅರ್ಜುನ ಸೂಳೆಗೇರಿಯ ಇರುಳನ್ನು ನೋಡುತ್ತಾ ಸಾಗುತ್ತಾನೆ. ಅಲ್ಲಿ ಹೆಣ್ಣು ನೋಟದ ವಸು. ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆ ‘ನಿರ್ಲಜ್ಜೇಶ್ವರ’ ಅಂಕಿತದಲ್ಲಿ ತಾನೇ ಮಾತನಾಡಿದಳು. ದೊರೆತಿರುವ ಅವಳ ಒಂದೇ ವಚನ, ವೃತ್ತಿಯ ಒಳಗಿನ ಕರಾರನ್ನೇ ವ್ರತನಿಷ್ಠೆಯ ರೂಪಕವಾಗಿಸುತ್ತದೆ. ಆಧುನಿಕ ಕಾಲದಲ್ಲಿ ಅ.ನ.ಕೃ. ಅವರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ವೇಶ್ಯಾಸಮಸ್ಯೆಯನ್ನು ಎತ್ತಿಕೊಂಡವು. ಆದರೆ ವಿಮರ್ಶೆಯ ವಾಗ್ವಾದ ಅಶ್ಲೀಲತೆಯ ಪ್ರಶ್ನೆಯ ಸುತ್ತ ಬೆಳೆಯಿತು. ‘ಸಂಸ್ಕಾರ’ದ (1965) ಚಂದ್ರಿ, ‘ಮೈಮನಗಳ ಸುಳಿಯಲ್ಲಿ’ (1970) ಕಾದಂಬರಿಯ ಮಂಜುಳೆ, ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿದ ‘ಗೆಜ್ಜೆಪೂಜೆ’ (1969) ಚಲನಚಿತ್ರದ ಚಂದ್ರಾ ಇವರೆಲ್ಲ ಪಾಠಪಟ್ಟಿಗಳಿಗೂ ವಿಚಾರಸಂಕಿರಣಗಳಿಗೂ ಪರಿಚಿತರು. ಆದರೆ ಲಾಡ್ಜು, ಲೈವ್‌ಬ್ಯಾಂಡು, ಮೊಬೈಲುಗಳ ಬೆಂಗಳೂರು ಇವರಾರ ಲೋಕವೂ ಅಲ್ಲ. ಆ ಲೋಕವನ್ನು ಒಳಗಿನಿಂದ ನುಡಿದ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಮೂಲಕ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದು ರಂಗವನ್ನೂ ಏರಿತು. ಅದನ್ನು ಲಿಂಗತ್ವದ ಪಠ್ಯವಾಗಿ ಓದುವುದು ಸರಿಯೇ. ನಗರದ ಇರುಳಿನ ದುಡಿಮೆಯ ಪಠ್ಯವಾಗಿಯೂ ಅದನ್ನು ಓದಬೇಕಾಗಿದೆ.

ಪದಗಳ ವಿಚಾರ ಇನ್ನೂ ಮುಖ್ಯವಾದುದು. ‘ಸೂಳೆ’ ಬೈಗುಳವಾಯಿತು, ‘ವೇಶ್ಯೆ’ ಕಳಂಕವಾಯಿತು. ಆಡಳಿತದ ಕನ್ನಡ ‘ದಮನಿತ ಮಹಿಳೆ’ ಎಂದಿತು. ಇದರಲ್ಲಿ ಅನುಕಂಪವಿದೆ, ಆದರೆ ಅವಳು ದುಡಿಯುತ್ತಾಳೆ ಎಂಬ ಸೂಚನೆಯಿಲ್ಲ. ಚಳವಳಿ ‘ಲೈಂಗಿಕ ಕಾರ್ಯಕರ್ತೆ’ ಎಂಬ ಪದವನ್ನು ತಂದಿತು. ಕನ್ನಡದಲ್ಲಿ ‘ಕಾರ್ಯಕರ್ತೆ’ ಎಂದರೆ ಪಕ್ಷದ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ. ಅದು ಸೇವೆಯನ್ನು, ಹೆಚ್ಚೆಂದರೆ ಗೌರವಧನವನ್ನು ನೆನಪಿಸುತ್ತದೆ. ಕೂಲಿ, ಹಕ್ಕು, ಒಪ್ಪಂದಗಳನ್ನು ನೆನಪಿಸುವ ‘ಕಾರ್ಮಿಕ’ ಪದದ ಭಾರ ಅದಕ್ಕಿಲ್ಲ. ಯೂನಿಯನ್ನಿನ ಹೆಸರಿನಲ್ಲಿಯೂ ‘ಕಾರ್ಯಕರ್ತ’ ಪದವೇ ನೆಲೆಗೊಂಡಿರುವುದು ಕನ್ನಡ ಈ ದುಡಿಮೆಯನ್ನು ದುಡಿಮೆಯೆನ್ನಲು ಹಿಂಜರಿಯುತ್ತಿರುವುದರ ಸೂಚನೆಯಾಗಿರಬಹುದು. ನ್ಯಾಯಾಂಗಕ್ಕೂ ಈ ಬಿಕ್ಕಟ್ಟು ತಪ್ಪಲಿಲ್ಲ. ಸರ್ವೋಚ್ಚ ನ್ಯಾಯಾಲಯ 2023ರ ಆಗಸ್ಟಿನ ತನ್ನ ಕೈಪಿಡಿಯಲ್ಲಿ ಹಳೆಯ ಹೀನಾರ್ಥಕ ಪದಗಳ ಬದಲಿಗೆ ‘ಸೆಕ್ಸ್ ವರ್ಕರ್’ ಎಂಬುದನ್ನು ಸೂಚಿಸಿತು. ಮಾನವ ಸಾಗಣೆಯ ವಿರುದ್ಧ ದುಡಿಯುವ ಸಂಘಟನೆಗಳು ಆಕ್ಷೇಪಿಸಿದ ಬಳಿಕ, ಸಾಗಣೆಗೆ ಬಲಿಯಾದವರನ್ನೂ ಬಲವಂತಕ್ಕೆ ಒಳಗಾದವರನ್ನೂ ಪ್ರತ್ಯೇಕವಾಗಿ ಗುರುತಿಸುವಂತೆ ಆ ಸೂಚನೆಯನ್ನು ಮಾರ್ಪಡಿಸಿತು.

ಆ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಸಾಗಣೆ ನಿಜ, ಬಲಾತ್ಕಾರ ನಿಜ, ಬಾಲೆಯರ ಶೋಷಣೆ ನಿಜ. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕರ್ನಾಟಕದ ಕಾಯಿದೆಯ ಹಿಂದಿದ್ದ ಜಾತಿ ಮತ್ತು ಬಡತನದ ಕ್ರೌರ್ಯವೂ ನಿಜ. ಇವೆಲ್ಲವನ್ನೂ ‘ಆಯ್ಕೆ’ ಎಂಬ ಒಂದೇ ಪದದಲ್ಲಿ ಮುಚ್ಚುವುದು ಅನ್ಯಾಯ. ಆದರೆ ಬಲವಂತಕ್ಕೊಳಗಾದವಳನ್ನು ಒಪ್ಪಿ ದುಡಿಯುವವಳಿಂದ ಬೇರ್ಪಡಿಸಿ ಗುರುತಿಸಲು ಬೆಳಕು ಬೇಕು. ಎಲ್ಲರನ್ನೂ ಕತ್ತಲೆಗೆ ತಳ್ಳಿದಾಗ ಲಾಭವಾಗುವುದು ದಲ್ಲಾಳಿಗೆ. 2022ರ ಮೇ 19ರಂದು ಸರ್ವೋಚ್ಚ ನ್ಯಾಯಾಲಯ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ನೀಡಿದ ನಿರ್ದೇಶನಗಳ ಆಶಯವೂ ಇದೇ. ಸ್ವಇಚ್ಛೆಯಿಂದ ದುಡಿಯುವ ವಯಸ್ಕರನ್ನು ದಾಳಿಯ ವೇಳೆ ಬಂಧಿಸಬಾರದು, ಪೊಲೀಸರು ಅವರನ್ನು ಘನತೆಯಿಂದ ನಡೆಸಿಕೊಳ್ಳಬೇಕು, ಮಾಧ್ಯಮಗಳು ಅವರ ಗುರುತನ್ನು ಬಯಲುಮಾಡಬಾರದು ಎಂದು ಅದು ಹೇಳಿತು. ಕಾನೂನು ಕಟ್ಟಿದ ಮರೆಯನ್ನು ಕಾನೂನೇ ಸ್ವಲ್ಪ ಸರಿಸಿದಂತಾಯಿತು.

ಈಗಿನ ಹೊಣೆ ಭಾಷೆಯದು. ಬೆಂಗಳೂರಿನ ಇರುಳನ್ನು ಕುರಿತ ದಾಖಲೆಗಳಲ್ಲಿ ಹೆಚ್ಚಿನವು ಪೊಲೀಸ್ ಕಡತಗಳಲ್ಲಿವೆ, ಇಂಗ್ಲಿಷ್ ವರದಿಗಳಲ್ಲಿವೆ, ಆರೋಗ್ಯ ಯೋಜನೆಗಳ ಕೋಷ್ಟಕಗಳಲ್ಲಿವೆ. ಲಾವಣಿಯನ್ನೂ ಬುಡಕಟ್ಟು ಕಾವ್ಯವನ್ನೂ ಊರೂರು ತಿರುಗಿ ಸಂಗ್ರಹಿಸಿದ ಕನ್ನಡ ವಿಭಾಗಗಳಿಗೆ ಕ್ಷೇತ್ರಕಾರ್ಯದ ದೊಡ್ಡ ಪರಂಪರೆಯಿದೆ. ಆ ಪರಂಪರೆ ನಗರದ ಇರುಳಿಗೆ ಇನ್ನೂ ಕಾಲಿಟ್ಟಿಲ್ಲವೆನ್ನುವಷ್ಟು ವಿರಳ. ರಾತ್ರಿ ದುಡಿಯುವವರ ವೃತ್ತಿನುಡಿ, ಅವರ ಸಂಕೇತಪದಗಳು, ಉತ್ತರ ಕರ್ನಾಟಕದಿಂದಲೋ ನೆರೆರಾಜ್ಯಗಳಿಂದಲೋ ಬಂದವರ ಕನ್ನಡ ಬೆಂಗಳೂರಿನಲ್ಲಿ ಪಡೆಯುವ ಬದಲಾವಣೆ ಇವು ಭಾಷಾಶಾಸ್ತ್ರಕ್ಕೂ ಜಾನಪದಕ್ಕೂ ಸಲ್ಲುವ ಸಾಮಗ್ರಿ. ಹೆಸರನ್ನು ಬಯಲುಮಾಡದೆ, ಒಪ್ಪಿಗೆ ಪಡೆದು, ಅವರೇ ಬಳಸುವ ಪದವನ್ನು ಮೊದಲು ಕೇಳಿ ಬರೆದುಕೊಳ್ಳುವುದು ಇಂತಹ ಅಧ್ಯಯನದ ಕನಿಷ್ಠ ಶಿಸ್ತು. ತನ್ನನ್ನು ಏನೆಂದು ಕರೆಯಬೇಕೆಂದು ಸಂಕವ್ವೆ ಯಾರನ್ನೂ ಕೇಳಲಿಲ್ಲ; ತಾನೇ ನುಡಿದಳು, ಲಿಪಿಕಾರರು ಅದನ್ನು ಉಳಿಸಿದರು. ಇಂದಿನ ಬೆಂಗಳೂರಿನಲ್ಲಿ ನುಡಿಯುವವರು ಇದ್ದಾರೆ. ಬರೆದಿಡುವವರ ಕೊರತೆಯಿದೆ.